ಕಡಲುಗಳ್ಳರ ಆಟವೂ ನೇತ್ರಾವತಿಯ ಅಳಿವೆಯೂ

೧

ಮಂಗಳೂರು ನಗರದ ದಕ್ಷಿಣದ ಅಂಚಿನಲ್ಲಿ, ನೇತ್ರಾವತಿಯ ಬಲದಂಡೆಯ ಮೇಲೆ, ಜೆಪ್ಪು ಎಂಬ ಪ್ರದೇಶವಿರುವುದು. ಎದುರು ದಡದಲ್ಲಿ ಉಳ್ಳಾಲ. ಪಶ್ಚಿಮಕ್ಕೆ ನೇತ್ರಾವತಿಯೂ ಗುರುಪುರದ ಹೊಳೆಯೂ ಕೂಡಿ ಕಡಲನ್ನು ಸೇರುವ ಅಳಿವೆ. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಈ ತೀರದಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಜೆಪ್ಪುವಿನ ಹೆಸರು ಹೆಂಚಿನೊಡನೆ ಹೆಣೆದುಕೊಂಡಿದೆ. ಆದರೆ ಅದಕ್ಕೆ ಸುಮಾರು ಹದಿನೆಂಟು ಶತಮಾನಗಳ ಹಿಂದೆ ಪಶ್ಚಿಮದ ವರ್ತಕರು ಈ ಕರಾವಳಿಯನ್ನು ಬಲ್ಲವರಾಗಿದ್ದುದು ಹೆಂಚಿನಿಂದಲ್ಲ, ಕಡಲುಗಳ್ಳರ ಭಯದಿಂದ. ಇಂದು ಅದೇ ಕಡಲುಗಳ್ಳತನವು ಗಣಕಯಂತ್ರದ ತೆರೆಯ ಮೇಲೆ ಒಂದು ವಿನೋದವಾಗಿ ಪರಿಣಮಿಸಿದೆ. ಜೆಪ್ಪುವಿನ ಯಾವ ಮನೆಯಲ್ಲಿಯಾದರೂ ಕುಳಿತ ಹುಡುಗನು ಸಂಜೆಯ ಒಂದು ಗಳಿಗೆಯಲ್ಲಿ ಹಡಗಿನ ನಾಯಕನಾಗಿ, ಕಾಣದ ಕಡಲುಗಳಲ್ಲಿ ಸೂರೆಗೈದು, ಊಟದ ಹೊತ್ತಿಗೆ ಸುರಕ್ಷಿತನಾಗಿ ಹಿಂದಿರುಗಬಹುದು.

ವಿನೋದವನ್ನು ವಿನೋದವೆಂದು ಬಿಟ್ಟುಬಿಡಬಹುದೆಂದು ಕೆಲವರಿಗೆ ತೋರೀತು. ಆದರೆ ಈ ಬಗೆಯ ಆಟಗಳು ಇತಿಹಾಸದ ವೇಷವನ್ನು ತೊಟ್ಟೇ ಬರುತ್ತವೆ. ವರ್ಷಗಳು, ರಾಜ್ಯಗಳು, ಬಂದರುಗಳು, ಯುದ್ಧಗಳು ಎಲ್ಲವೂ ಅವುಗಳಲ್ಲಿರುವುವು. ಎಷ್ಟೋ ತರುಣರಿಗೆ ಕಡಲಿನ ಇತಿಹಾಸವು ಮೊದಲು ಪರಿಚಯವಾಗುವುದೇ ಅವುಗಳಿಂದ. ಆದುದರಿಂದ ಅವು ಇತಿಹಾಸದಿಂದ ಏನನ್ನು ತೆಗೆದುಕೊಂಡಿವೆ, ಏನನ್ನು ಬಿಟ್ಟಿವೆ ಎಂಬ ವಿಚಾರವು ವಿದ್ವಾಂಸರಿಗೂ ಉಪಾಧ್ಯಾಯರಿಗೂ ಅನುಪಯುಕ್ತವಲ್ಲ. ಆ ವಿಚಾರಕ್ಕೆ ಕನ್ನಡ ಜಿಲ್ಲೆಯ ಕರಾವಳಿಗಿಂತ ತಕ್ಕ ಒರೆಗಲ್ಲು ಬೇರೆ ದೊರೆಯುವುದು ದುರ್ಲಭ.

೨

ಮೊದಲು ಆಟದ ಸ್ವರೂಪವನ್ನು ತಿಳಿಯತಕ್ಕದ್ದು. ಈ ಜಾತಿಯ ಆಟಗಳಿಗೆ ಮೂಲಪುರುಷನೆನ್ನಬಹುದಾದುದು ೧೯೮೭ರಲ್ಲಿ ಅಮೆರಿಕದ ಮೈಕ್ರೋಪ್ರೋಸ್ ಸಂಸ್ಥೆಯು ಪ್ರಕಟಿಸಿದ ‘ಸಿಡ್ ಮೈಯರ್ಸ್ ಪೈರೇಟ್ಸ್!’ ಎಂಬುದು. ಮೊದಲು ಕಮೊಡೋರ್ ೬೪ ಎಂಬ ಸಣ್ಣ ಗಣಕಯಂತ್ರಕ್ಕಾಗಿ ರಚಿತವಾದ ಇದು, ೨೦೦೪ರಲ್ಲಿ ಫಿರಾಕ್ಸಿಸ್ ಸಂಸ್ಥೆಯಿಂದ ಹೊಸ ರೂಪದಲ್ಲಿ ಹೊರಬಂದಿತು. ೨೦೧೩ರ ‘ಬ್ಲ್ಯಾಕ್ ಫ್ಲ್ಯಾಗ್’, ೨೦೧೮ರ ‘ಸೀ ಆಫ್ ಥೀವ್ಸ್’ ಮೊದಲಾದ ಅನಂತರದ ಆಟಗಳು ಚಿತ್ರವೈಭವದಲ್ಲಿ ಅದನ್ನು ಬಹಳ ಮೀರಿದ್ದರೂ, ಬಯಸಿದತ್ತ ಹಾಯಿ ಬಿಚ್ಚುವ ಸ್ವಾತಂತ್ರ್ಯವೆಂಬ ಸಾರವು ಅವುಗಳಲ್ಲಿಯೂ ಉಳಿದಿದೆ.

ಈ ಆಟದ ರಂಗಭೂಮಿ ಅಮೆರಿಕ ಖಂಡಗಳ ನಡುವಣ ಕೆರಿಬಿಯನ್ ಕಡಲು, ಕಾಲ ಕ್ರಿ. ಶ. ೧೫೬೦ರಿಂದ ಆ ಮುಂದಿನ ಸುಮಾರು ಒಂದೂವರೆ ಶತಮಾನ. ಆಡುವವನು ಇಂಗ್ಲಿಷ್, ಫ್ರೆಂಚ್, ಡಚ್ಚು, ಸ್ಪೇನ್ ಎಂಬ ನಾಲ್ಕರಲ್ಲಿ ಒಂದು ಜನಾಂಗವನ್ನೂ, ಕತ್ತಿವರಸೆ, ನೌಕಾಯಾನ, ವೈದ್ಯ ಮೊದಲಾದುವುಗಳಲ್ಲಿ ಒಂದು ನೈಪುಣ್ಯವನ್ನೂ ಆರಿಸಿಕೊಂಡು ಹೊರಡುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಇಂತಹುದೇ ಮಾಡಬೇಕೆಂಬ ಕಟ್ಟಿಲ್ಲ. ಸಕ್ಕರೆ ತಂಬಾಕುಗಳ ವ್ಯಾಪಾರ ಮಾಡಬಹುದು, ವೈರಿಗಳ ಹಡಗನ್ನು ಹಿಡಿಯಬಹುದು, ಊರನ್ನು ಮುತ್ತಬಹುದು, ಸ್ಪೇನಿನ ಬೆಳ್ಳಿಯ ಸಾಗಣೆಯನ್ನು ಕಾದು ಕುಳಿತಿರಬಹುದು, ಕಳೆದುಹೋದ ಬಂಧುಗಳನ್ನು ಅರಸಬಹುದು, ಅಧಿಪತಿಯ ಮಗಳ ಕೈಹಿಡಿಯಬಹುದು. ಗೆದ್ದುದಾಯಿತು, ಇನ್ನು ಮುಗಿಯಿತು ಎಂದು ಆಟವು ತಾನಾಗಿ ಹೇಳುವುದಿಲ್ಲ. ಆಡುವವನೇ ಎಂದಾದರೊಂದು ದಿನ ನಿವೃತ್ತನಾಗಬೇಕು. ಆಗ ಅವನ ಹಣ, ಭೂಮಿ, ಪದವಿ, ಕುಟುಂಬಗಳನ್ನು ಲೆಕ್ಕ ಹಾಕಿ, ಭಿಕ್ಷುಕನಿಂದ ಹಿಡಿದು ರಾಜನ ಮಂತ್ರಾಲೋಚಕನವರೆಗಿನ ಯಾವುದಾದರೊಂದು ಸ್ಥಾನವನ್ನು ಅವನಿಗೆ ಕೊಡಲಾಗುತ್ತದೆ.

ಈ ಸ್ವಾತಂತ್ರ್ಯಕ್ಕೆ ಬುದ್ಧಿವಂತಿಕೆಯ ಎರಡು ಮಿತಿಗಳನ್ನು ಇರಿಸಿದುದರಲ್ಲಿಯೇ ಆಟದ ಸ್ವಾರಸ್ಯವಿದೆ. ಮೊದಲನೆಯದು ವಯಸ್ಸು: ವರ್ಷಗಳು ಕಳೆದಂತೆ ನಾಯಕನ ಕೈ ನಿಧಾನವಾಗುತ್ತದೆ, ಎಂದೆಂದಿಗೂ ಸೂರೆಗೈಯುತ್ತಿರಲು ಸಾಧ್ಯವಿಲ್ಲ. ಎರಡನೆಯದು ಹಡಗಿನ ಆಳುಗಳು: ಪ್ರಯಾಣವು ಬಹುಕಾಲ ಬೆಳೆದರೆ ಅವರು ಅಸಮಾಧಾನಗೊಳ್ಳುತ್ತಾರೆ, ಕೊನೆಗೆ ಕೊಳ್ಳೆಯನ್ನು ಪಾಲು ಹಂಚಲೇಬೇಕು, ಹಂಚಿದೊಡನೆ ದಂಡು ಚೆದರುತ್ತದೆ. ಇವೆರಡಕ್ಕಿಂತಲೂ ಹೆಚ್ಚು ಗಮನಾರ್ಹವಾದುದು ರಾಜರ ಅಪ್ಪಣೆಪತ್ರ. ಒಂದು ರಾಜ್ಯದ ಅಪ್ಪಣೆಪತ್ರವನ್ನು ಪಡೆದು ಅದರ ಶತ್ರುವಿನ ಹಡಗನ್ನು ಸುಲಿದರೆ ಆ ರಾಜ್ಯದ ಬಂದರಿನಲ್ಲಿ ಬಿರುದು, ಭೂಮಿ, ಸತ್ಕಾರ. ಸುಲಿಸಿಕೊಂಡವನ ಬಂದರಿನಲ್ಲಿ ಅದೇ ಕೃತ್ಯಕ್ಕಾಗಿ ತಲೆಗೆ ಬೆಲೆ. ರಾಜ್ಯಗಳು ಸಂಧಿ ಮಾಡಿಕೊಂಡೊಡನೆ ನಿನ್ನೆಯ ವೀರನು ಇಂದಿನ ಕಳ್ಳನಾಗುತ್ತಾನೆ. ಆಟದೊಡನೆ ಒದಗಿಸುತ್ತಿದ್ದ ಇತಿಹಾಸದ ಕೈಪಿಡಿಯೂ ಅಲಂಕಾರಕ್ಕಾಗಿ ಇದ್ದುದಲ್ಲ. ಸ್ಪೇನಿನ ಬೆಳ್ಳಿಯು ಇಂತಹ ಪಟ್ಟಣವನ್ನು ಯಾವ ಕಾಲದಲ್ಲಿ ತಲಪುವುದೆಂದು ಮೂಲದ ಆಟವು ಆರಂಭದಲ್ಲಿಯೇ ಪ್ರಶ್ನಿಸುತ್ತಿದ್ದಿತು; ಉತ್ತರವನ್ನು ಆ ಪುಸ್ತಕದಲ್ಲಿ ಹುಡುಕಬೇಕಾಗಿದ್ದಿತು. ನಕಲಿ ಪ್ರತಿಗಳನ್ನು ತಡೆಯುವುದು ಇದರ ಉದ್ದೇಶ. ಕಳ್ಳನಾಗಿ ಆಡಬಯಸುವವನು ಆಟವನ್ನು ಕದ್ದಿಲ್ಲವೆಂದು ಮೊದಲು ರುಜುವಾತು ಪಡಿಸಬೇಕಾಗಿದ್ದುದು ವಿನೋದಕರವೇ ಸರಿ.

೩

ಇನ್ನು ಕರಾವಳಿಯ ಕಡೆಗೆ ಬರಬಹುದು. ಕ್ರಿ. ಶ. ಒಂದನೆಯ ಶತಮಾನದ ರೋಮನ್ ಗ್ರಂಥಕಾರ ಪ್ಲಿನಿಯು, ಮುಜಿರಿಸ್ ಬಂದರು ಇಳಿಯುವುದಕ್ಕೆ ಅನುಕೂಲವಾದುದಲ್ಲವೆಂದೂ, ಅದರ ನೆರೆಯಲ್ಲಿ ನಿತ್ರಿಯಾಸ್ ಎಂಬ ಸ್ಥಳವನ್ನು ಹಿಡಿದಿರುವ ಕಡಲುಗಳ್ಳರು ಅದಕ್ಕೆ ಕಾರಣವೆಂದೂ ಬರೆದಿರುವನು. ಭಾರತಕ್ಕೆ ಬರುವ ಹಡಗುಗಳು ಬಿಲ್ಲಾಳುಗಳ ಪಡೆಗಳನ್ನು ಜೊತೆಗೆ ಕರೆತರುತ್ತಿದ್ದುವೆಂಬುದೂ ಅವನ ಮಾತೇ. ನಿತ್ರಿಯಾಸ್ ಎಂಬುದು ನೇತ್ರಾವತಿಯ ಹೆಸರಿನ ರೂಪವೆಂದೂ, ಆದುದರಿಂದ ಅದು ಮಂಗಳೂರೆಂದೂ ಒಂದು ಪಕ್ಷ. ಭಟ್ಕಳದ ಮುಂದಣ ಕಡಲಿನಲ್ಲಿರುವ ನೇತ್ರಾಣಿ ದ್ವೀಪವೆಂದು ಇನ್ನೊಂದು ಪಕ್ಷ. ಎರಡರಲ್ಲಿ ಯಾವುದನ್ನು ಅಂಗೀಕರಿಸಿದರೂ ಸ್ಥಳವು ಕನ್ನಡ ಕರಾವಳಿಯನ್ನು ಬಿಟ್ಟು ಹೋಗುವುದಿಲ್ಲ. ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾಗ್ರಂಥವು ಈ ಕಡಲಿನ ದ್ವೀಪಗಳನ್ನು ಹೇಳುವಲ್ಲಿ ಕಳ್ಳರ ಎಚ್ಚರಿಕೆಯನ್ನು ಕೊಡುತ್ತದೆ. ಎರಡನೆಯ ಶತಮಾನದ ಟಾಲೆಮಿಯು ಪಶ್ಚಿಮ ತೀರದ ಒಂದು ಭಾಗಕ್ಕೆ ಕಳ್ಳರ ನಾಡೆಂದೇ ಹೆಸರಿಟ್ಟಿರುವನು.

ಕಡಲಿನ ಸಾಹಸವನ್ನು ವಿನೋದಕ್ಕೆ ವಸ್ತುವನ್ನಾಗಿ ಮಾಡಿಕೊಳ್ಳುವುದೂ ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು, ೧೯೦೩ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರ ಕಥೆಯು ಭಾರತದ ಕರಾವಳಿಯಲ್ಲಿ ನಡೆಯುತ್ತದೆ. ಖಾರಿಟಿಯೋನ್ ಎಂಬ ಗ್ರೀಕ್ ಯುವತಿಯು ಅಲ್ಲಿನ ಅರಸನ ವಶದಲ್ಲಿರುವಳು. ಅವಳ ಅಣ್ಣನು ಹಡಗಿನಲ್ಲಿ ಬಂದು, ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರಸದ ಮದ್ಯವನ್ನು ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುವನು. ಅರಸನ ಕಡೆಯವರ ಬಾಯಲ್ಲಿ ಬರುವ ಅನ್ಯಭಾಷೆಯ ಮಾತುಗಳಲ್ಲಿ ಕೆಲವು ಕನ್ನಡವೆಂದು ಹುಲ್ಟ್‌ಷ್ ಪಂಡಿತನು ೧೯೦೪ರಲ್ಲಿ ಸೂಚಿಸಿದನು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು; ಒಪ್ಪದ ವಿದ್ವಾಂಸರೂ ಉಂಟು. ಭಾಷೆಯ ವಿವಾದವು ಹೇಗಾದರೂ ಇರಲಿ, ಪ್ರಕೃತಕ್ಕೆ ಬೇಕಾದುದು ಆ ಪ್ರಹಸನದ ಒಂದು ಸನ್ನಿವೇಶ. ಓಡಿಹೋಗುವ ಹೊತ್ತಿನಲ್ಲಿ ವಿದೂಷಕನು ದೇವಿಯ ಗುಡಿಯಲ್ಲಿನ ಕಾಣಿಕೆಗಳನ್ನೂ ದೋಚೋಣವೆನ್ನುತ್ತಾನೆ. ಖಾರಿಟಿಯೋನ್ ಬೇಡವೆಂದು ತಡೆಯುತ್ತಾಳೆ. ನಗಿಸುವುದಕ್ಕಾಗಿಯೇ ಬರೆದ ಆಟದಲ್ಲಿಯೂ ‘ಇದನ್ನು ಮುಟ್ಟಬಾರದು’ ಎನ್ನುವ ಒಂದು ಧ್ವನಿಯನ್ನು ಆ ಅಜ್ಞಾತ ಕವಿಯು ಇರಿಸಿದನು. ಈ ಅಂಶವನ್ನು ಮುಂದಿನ ವಿಮರ್ಶೆಗಾಗಿ ನೆನಪಿನಲ್ಲಿಡತಕ್ಕದ್ದು.

೪

ಮಧ್ಯಯುಗದ ಸಾಕ್ಷ್ಯಗಳು ಇನ್ನೂ ವಿಶದವಾಗಿವೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಈ ದಾರಿಯಾಗಿ ಹೋದ ಮಾರ್ಕೋ ಪೋಲೋ, ಮಲಬಾರಿನಿಂದಲೂ ಗುಜರಾತಿನಿಂದಲೂ ವರ್ಷಂಪ್ರತಿ ನೂರಕ್ಕೂ ಹೆಚ್ಚು ಕಳ್ಳಹಡಗುಗಳು ಹೊರಡುತ್ತವೆಂದು ಹೇಳುತ್ತಾನೆ. ಅವರು ಹೆಂಡಿರು ಮಕ್ಕಳನ್ನೂ ಜೊತೆಯಲ್ಲಿ ಕರೆದೊಯ್ದು ಬೇಸಗೆಯೆಲ್ಲ ಕಡಲಿನಲ್ಲಿಯೇ ಕಳೆಯುತ್ತಿದ್ದರು. ಇಪ್ಪತ್ತು ಮೂವತ್ತು ಹಡಗುಗಳು ಐದಾರು ಮೈಲಿಗಳ ಅಂತರದಲ್ಲಿ ಸಾಲಾಗಿ ನಿಂತು, ನೂರು ಮೈಲಿಗಳ ಕಡಲನ್ನು ಬಲೆಯಂತೆ ಕಟ್ಟಿ, ವರ್ತಕನ ಹಡಗು ಕಂಡೊಡನೆ ಬೆಂಕಿಯಿಂದಲೋ ಹೊಗೆಯಿಂದಲೋ ಒಬ್ಬರಿಗೊಬ್ಬರು ಸಂಜ್ಞೆ ಮಾಡುತ್ತಿದ್ದರು. ಸುಲಿದ ವರ್ತಕರನ್ನು ಮಾತ್ರ ಕೊಲ್ಲುತ್ತಿರಲಿಲ್ಲ. ಹೋಗಿ ಇನ್ನಷ್ಟು ಸಂಪಾದಿಸಿಕೊಂಡು ಬನ್ನಿರಿ, ಅದೂ ಪ್ರಾಯಶಃ ನಮ್ಮ ಪಾಲಿಗೇ ಬಂದೀತು ಎಂಬ ಭಾವದಿಂದ ಬಿಟ್ಟುಬಿಡುತ್ತಿದ್ದರು. ಏಳಿಮಲೆಯ ರಾಜ್ಯದಲ್ಲಿ, ಅಲ್ಲಿಗೆಂದು ಹೊರಡದ ಹಡಗು ಗಾಳಿಗೆ ಸಿಕ್ಕಿ ಅಳಿವೆಯನ್ನು ಹೊಕ್ಕರೆ, ದೇವರೇ ಕಳುಹಿಸಿದನೆಂದು ಅದರ ಸರಕನ್ನು ವಶಪಡಿಸಿಕೊಳ್ಳುವ ಪದ್ಧತಿಯಿದ್ದುದನ್ನೂ ಅವನು ಹೇಳಿರುವನು. ಇಲ್ಲಿ ಸುಲಿಗೆಯು ಕಳ್ಳನ ಕೃತ್ಯವಲ್ಲ, ನಾಡಿನ ಕಟ್ಟಳೆ.

ಸುಮಾರು ಅರ್ಧ ಶತಮಾನದ ಅನಂತರ, ೧೩೪೨ರಲ್ಲಿ ದೆಹಲಿಯಿಂದ ಚೀನದ ರಾಯಭಾರಕ್ಕೆಂದು ಹೊರಟ ಇಬ್ನ್ ಬತೂತನು ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡನು. ಮಂಗಳೂರನ್ನು ಅವನು ಮಂಜರೂರೆಂದು ಕರೆದು, ಮಲಬಾರಿನಲ್ಲಿಯೇ ಅತ್ಯಂತ ದೊಡ್ಡದಾದ ಅಳಿವೆಯ ಮೇಲೆ ಇರುವುದೆಂದು ವರ್ಣಿಸುತ್ತಾನೆ. ಫಾರಸ, ಯಮನ್ ದೇಶಗಳ ವರ್ತಕರು ಬಹುಮಂದಿ ಅಲ್ಲಿ ಇಳಿಯುತ್ತಿದ್ದರು. ಮೆಣಸೂ ಶುಂಠಿಯೂ ಹೇರಳವಾಗಿದ್ದುವು. ಸುಮಾರು ನಾಲ್ಕು ಸಾವಿರ ಮಂದಿ ಮುಸಲ್ಮಾನರು ಊರ ಹೊರಗಣ ಕೇರಿಯಲ್ಲಿ ನೆಲಸಿದ್ದರು. ಅವರಿಗೂ ಊರವರಿಗೂ ಜಗಳವಾದಾಗ ರಾಮದೇವನೆಂಬ ಅರಸನು ತಾನೇ ಸಂಧಾನ ಮಾಡಿಸುತ್ತಿದ್ದನು, ಏಕೆಂದರೆ ವರ್ತಕರಿಲ್ಲದೆ ಅವನಿಗೆ ನಡೆಯುತ್ತಿರಲಿಲ್ಲ. ತುಳುನಾಡಿನ ಶಾಸನಗಳಲ್ಲಿ ನಖರ, ಹಂಜಮಾನಗಳೆಂಬ ವರ್ತಕಸಂಘಗಳಿಗೆ ದೊರೆತಿರುವ ಮನ್ನಣೆಯನ್ನು ನೋಡಿದರೆ ಈ ಮಾತು ಸಹಜವಾಗಿಯೇ ತೋರುವುದು.

ಆದರೆ ಅದೇ ಪ್ರವಾಸಿಯು ಬಾರ್ಕೂರಿನಲ್ಲಿ ಕಂಡುದು ಬೇರೆಯ ಚಿತ್ರ. ಅಲ್ಲಿನ ಅರಸನಲ್ಲಿ ಸುಮಾರು ಮೂವತ್ತು ಯುದ್ಧನೌಕೆಗಳಿದ್ದುವು. ಅವುಗಳ ನಾಯಕನಾದ ಲೂಲಾ ಎಂಬವನು ವರ್ತಕರನ್ನು ಸುಲಿಯುವ ದುಷ್ಟನೆಂದು ಅವನು ಬರೆಯುತ್ತಾನೆ. ಹಾದುಹೋಗುವ ಪ್ರತಿಯೊಂದು ಹಡಗೂ ಆ ಬಂದರಿನಲ್ಲಿ ಲಂಗರು ಹಾಕಿ, ‘ಬಂದರಿನ ಹಕ್ಕು’ ಎಂಬ ಕಾಣಿಕೆಯನ್ನು ಒಪ್ಪಿಸಬೇಕಾಗಿದ್ದಿತು. ತಪ್ಪಿಸಿಕೊಂಡು ಹೋದುದನ್ನು ಬೆನ್ನಟ್ಟಿ, ಬಲಾತ್ಕಾರದಿಂದ ಎಳೆತಂದು, ಇಮ್ಮಡಿ ಸುಂಕವನ್ನು ಹೇರಿ, ಮನಸ್ಸು ಬಂದಷ್ಟು ದಿನ ನಿಲ್ಲಿಸಿಕೊಳ್ಳುತ್ತಿದ್ದರು. ಲೂಲಾನನ್ನು ಅರಸನ ನೌಕಾಧಿಪತಿಯೆನ್ನಬೇಕೆ, ಸುಂಕದ ಅಧಿಕಾರಿಯೆನ್ನಬೇಕೆ, ಕಡಲುಗಳ್ಳನೆನ್ನಬೇಕೆ? ಮೂರೂ ಹೆಸರುಗಳು ಒಬ್ಬನಿಗೇ ಸಲ್ಲುವುವು. ಕಾಣಿಕೆ ಕೊಟ್ಟವನಿಗೆ ಅವನು ಅಧಿಕಾರಿ, ಕೊಡದವನಿಗೆ ಕಳ್ಳ.

ಕೆಲವು ಕಾಲದ ಮೇಲೆ ಅದೇ ಕಡಲು ಇಬ್ನ್ ಬತೂತನನ್ನೇ ಸುಲಿಯಿತು. ಕೊಲ್ಲಂನಿಂದ ಹೊನ್ನಾವರಕ್ಕೆ ಬರುತ್ತಿರುವಾಗ, ಹೊನ್ನಾವರ ಬಾರ್ಕೂರುಗಳ ನಡುವಣ ಒಂದು ಸಣ್ಣ ದ್ವೀಪದ ಬಳಿ, ಹನ್ನೆರಡು ಯುದ್ಧನೌಕೆಗಳು ಅವನ ಹಡಗನ್ನು ಮುತ್ತಿದುವು. ಸಿಂಹಳದ ಅರಸನು ಕೊಟ್ಟಿದ್ದ ಮುತ್ತು ಮಾಣಿಕ್ಯಗಳು, ಬಟ್ಟೆಬರೆ, ಸಾಧುಗಳು ಕೊಟ್ಟಿದ್ದ ಕಾಣಿಕೆಗಳು ಎಲ್ಲವೂ ಹೋದುವು. ಮೈಮೇಲೆ ಒಂದು ಇಜಾರ ಉಳಿಯಿತು. ವಿದ್ವಾಂಸರ ಮನಸ್ಸನ್ನು ಮುಟ್ಟಬೇಕಾದ ನಷ್ಟವು ಇನ್ನೊಂದುಂಟು. ಬುಖಾರದಲ್ಲಿ ಪಂಡಿತರ ಗೋರಿಗಳ ಮೇಲಿನಿಂದ ಅವನು ಬರೆದುಕೊಂಡಿದ್ದ ಟಿಪ್ಪಣಿಗಳೂ ಹಿಂದೂದೇಶದ ಕಳ್ಳರು ತನ್ನನ್ನು ಕಡಲಿನಲ್ಲಿ ಸುಲಿದಾಗ ಹೋದುವೆಂದು ಅವನು ತನ್ನ ಗ್ರಂಥದ ಇನ್ನೊಂದೆಡೆಯಲ್ಲಿ ಹೇಳಿಕೊಂಡಿರುವನು. ಕಳ್ಳರಿಗೆ ಅದರಿಂದ ಕಾಸಿನ ಲಾಭವೂ ಆಗಿರಲಾರದು. ಲೋಕಕ್ಕಾದ ನಷ್ಟವು ತುಂಬಿಬಾರದುದು.

೫

ಆಟದ ನಾಯಕನ ಜೀವನಕ್ಕೆ ಇತಿಹಾಸದಲ್ಲಿ ಪ್ರತಿರೂಪವನ್ನು ಹುಡುಕುವುದಾದರೆ, ಹೊನ್ನಾವರದ ತಿಮ್ಮೋಜನಿಗಿಂತ ಸಮೀಪನಾದವನು ಈ ತೀರದಲ್ಲಿ ದೊರೆಯಲಾರನು. ೧೪೯೮ರಲ್ಲಿ ವಾಸ್ಕೋ ಡ ಗಾಮನು ಹಿಂದಿರುಗುತ್ತ ಕಾರವಾರದ ಬಳಿಯ ಅಂಜದೀವದಲ್ಲಿ ತಂಗಿದ್ದಾಗ, ಎಂಟು ನಾವೆಗಳು ಅವನ ಕಡೆಗೆ ಬಂದುವು, ಗುಂಡಿನೇಟಿಗೆ ಚೆದರಿದುವು. ಆ ನಾವೆಗಳನ್ನು ಒಂದಕ್ಕೊಂದು ಬಿಗಿದು, ಸೊಪ್ಪು ಕೊಂಬೆಗಳಿಂದ ಮುಚ್ಚಿ, ತೇಲುವ ದ್ವೀಪದಂತೆ ತೋರಿಸಿದವನು ತಿಮ್ಮೋಜನೆಂದು ಅನಂತರದ ಪೋರ್ಚುಗೀಸ್ ಬಖೈರುಕಾರರು ಹೇಳುತ್ತಾರೆ. ಆ ಪ್ರಯಾಣದ ಸಮಕಾಲೀನ ದಿನಚರಿಯು ನಾವೆಗಳನ್ನು ಮಾತ್ರ ಹೇಳುವುದರಿಂದ, ಕೊಂಬೆಗಳ ಕಥೆಯನ್ನು ತುಸು ಎಚ್ಚರಿಕೆಯಿಂದಲೇ ಸ್ವೀಕರಿಸಬೇಕು. ಅವನ ವೃತ್ತಿಯಲ್ಲಿ ಮಾತ್ರ ಸಂಶಯವಿಲ್ಲ. ತಿಮ್ಮೋಜನೂ ಇನ್ನೊಬ್ಬ ನಾಯಕನೂ ತಲಾ ಐದಾರು ದೊಡ್ಡ ಹಡಗುಗಳನ್ನು ಇಟ್ಟುಕೊಂಡು ಸುಲಿಗೆ ನಡೆಸಿ, ನಾಡಿನ ಒಡೆಯನಿಗೆ ಅದರಲ್ಲಿ ಪಾಲು ಕೊಡುತ್ತಿದ್ದರೆಂದು ದುವಾರ್ತೆ ಬಾರ್ಬೋಸನು ತಿಳಿಸುತ್ತಾನೆ. ಆಟದಲ್ಲಿರುವ ಪಾಲು ಹಂಚುವಿಕೆಯೂ ಒಡೆಯನ ರಕ್ಷಣೆಯೂ ಇಲ್ಲಿ ಯಥಾವತ್ತಾಗಿ ಕಾಣುವುವು.

೧೫೦೫ರಲ್ಲಿ ಅಲ್ಮೈದನು ಹೊನ್ನಾವರದ ಮೇಲೆ ಬಿದ್ದು ಹಡಗುಗಳನ್ನು ಸುಟ್ಟ ಮೇಲೆ ತಿಮ್ಮೋಜನು ಸಂಧಿಯ ಮಾತಿಗೆ ಮುಂದಾದನು. ೧೫೧೦ರಲ್ಲಿ ಅಲ್ಬುಕರ್ಕನು ಬೇರೆ ದಿಕ್ಕಿಗೆ ಹೊರಟಿದ್ದಾಗ, ಗೋವೆಯನ್ನು ಮುತ್ತುವುದಕ್ಕೆ ಅದೇ ಸಮಯವೆಂದು ಹೇಳಿ ದಂಡಯಾತ್ರೆಯ ದಾರಿಯನ್ನು ತಿರುಗಿಸಿದವನು ಅವನೇ. ಆ ವರ್ಷದ ಆರಂಭದಲ್ಲಿ ಗೋವೆಯು ಪೋರ್ಚುಗೀಸರ ವಶವಾಯಿತು. ಮೇ ತಿಂಗಳಿನಲ್ಲಿ ಬಿಜಾಪುರದವರಿಗೆ ಹಿಂದಿರುಗಿತು. ನವೆಂಬರ್ ೨೫ರಂದು ಮತ್ತೆ ಪೋರ್ಚುಗೀಸರದಾಯಿತು. ಸುತ್ತಣ ಭೂಮಿಗಳ ಆಡಳಿತವೂ ಕಂದಾಯದ ಗುತ್ತಿಗೆಯೂ ತಿಮ್ಮೋಜನಿಗೆ ದೊರೆತು, ಸ್ವಲ್ಪ ಕಾಲದಲ್ಲಿಯೇ ಕೈಬಿಟ್ಟು ಹೋದುವು. ಕಡಲುಗಳ್ಳ, ಸಾಮಂತನ ಆಶ್ರಿತ, ಪರದೇಶೀಯರ ಮಿತ್ರ, ಆಡಳಿತಗಾರ, ಪದಚ್ಯುತ: ಹನ್ನೆರಡು ಹದಿಮೂರು ವರ್ಷಗಳಲ್ಲಿ ಒಬ್ಬನು ತಾಳಿದ ವೇಷಗಳಿವು. ಆದರೆ ಆಟದ ನಾಯಕನಿಗೂ ಅವನಿಗೂ ಒಂದು ಭೇದವುಂಟು. ಆಟದಲ್ಲಿ ನಿವೃತ್ತಿಯ ದಿನವನ್ನು ನಾಯಕನೇ ಗೊತ್ತುಪಡಿಸುವನು. ತಿಮ್ಮೋಜನ ದಿನವನ್ನು ಇತರರು ಗೊತ್ತುಪಡಿಸಿದರು. ಅವನ ಆಯ್ಕೆಗಳ ಫಲವಂತೂ ಅವನೊಡನೆ ತೀರಲಿಲ್ಲ. ಗೋವೆಯಲ್ಲಿ ಪೋರ್ಚುಗೀಸರ ಆಳಿಕೆಯು ೧೯೬೧ರವರೆಗೂ ನಡೆಯಿತು.

೬

ಅನಂತರದ ಕಾಲದಲ್ಲಿ ಕಳ್ಳನಾರು, ಸಾಧುವಾರು ಎಂಬುದನ್ನು ಕಾಗದವೇ ನಿರ್ಣಯಿಸತೊಡಗಿತು. ಪೋರ್ಚುಗೀಸರು ಕಾರ್ತಾಜ್ ಎಂಬ ರಹದಾರಿಯನ್ನು ಜಾರಿಗೆ ತಂದರು. ತಲೆತಲಾಂತರದಿಂದ ಅದೇ ಕಡಲಿನಲ್ಲಿ ವ್ಯಾಪಾರ ನಡೆಸುತ್ತ ಬಂದವನೂ ಹಣ ತೆತ್ತು ಆ ರಹದಾರಿಯನ್ನು ಕೊಳ್ಳಬೇಕು. ಇಲ್ಲದಿದ್ದರೆ ಹಡಗು, ಸರಕು ಎರಡೂ ಜಪ್ತಿ. ಬಾರ್ಕೂರಿನ ‘ಬಂದರಿನ ಹಕ್ಕು’ ಒಂದು ಅಳಿವೆಯ ಮುಂದಣ ಕಡಲಿಗೆ ಮಾತ್ರ ಸಲ್ಲುತ್ತಿದ್ದಿತು. ಕಾರ್ತಾಜ್ ಇಡೀ ಕಡಲನ್ನೇ ಒಂದು ಬಂದರನ್ನಾಗಿ ಮಾಡಿತು. ಅದನ್ನು ಒಪ್ಪದೆ ಹೋರಾಡಿದವರೆಲ್ಲ ಪೋರ್ಚುಗೀಸರ ಲೇಖಗಳಲ್ಲಿ ಕಡಲುಗಳ್ಳರಾದರು. ಕಲ್ಲಿಕೋಟೆಯ ಸಾಮೂದಿರಿಯ ನೌಕಾನಾಯಕರಾದ ಕುಂಞಾಲಿ ಮರಕ್ಕಾರರಿಗೂ ಅದೇ ಹೆಸರು ಅಂಟಿತು. ಅವರಲ್ಲಿ ಕೊನೆಯವನನ್ನು ೧೬೦೦ರಲ್ಲಿ ಗೋವೆಯಲ್ಲಿ ವಧಿಸಲಾಯಿತು.

ಜೆಪ್ಪುವಿನ ಎದುರು ದಡದ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. ೧೫೬೮ರಲ್ಲಿ ಪೋರ್ಚುಗೀಸರು ಮಂಗಳೂರನ್ನು ಗೆದ್ದು ಕೋಟೆ ಕಟ್ಟಿದರು. ಉಳ್ಳಾಲದ ರಾಣಿಯು ಅವರಿಗೆ ಮಣಿಯಲಿಲ್ಲ. ೧೫೭೦ರ ಸುಮಾರಿಗೆ ಅವಳ ಕೋರಿಕೆಯ ಮೇರೆಗೆ ಕುಟ್ಟಿ ಪೋಕರ್ ಮರಕ್ಕಾರನು ರಾತ್ರಿಯಲ್ಲಿ ಆ ಕೋಟೆಯ ಮೇಲೆ ಬಿದ್ದನು. ಹಿಂದಿರುಗುವ ದಾರಿಯಲ್ಲಿ ಪೋರ್ಚುಗೀಸರ ಪಡೆಗೆ ಸಿಕ್ಕಿ ಮಡಿದನು. ಕೋಟೆಯೊಳಗಣವರಿಗೆ ಅವನು ಕಳ್ಳ. ಹೊಳೆಯ ಆಚೆಯ ದಡದವರಿಗೆ ಅವನು ಕರೆದಾಗ ಬಂದ ನೆರವು. ನಡುವೆ ಇದ್ದುದು ನೇತ್ರಾವತಿಯ ಅಗಲದಷ್ಟು ಅಂತರ.

ಯುರೋಪಿನವರೂ ಇದೇ ಕಾಗದದ ಬಲೆಗೆ ಸಿಕ್ಕಿಬಿದ್ದುದುಂಟು. ಕಡಲುಗಳ್ಳರನ್ನು ಹಿಡಿಯುವುದಕ್ಕೆಂದೇ ಇಂಗ್ಲೆಂಡಿನ ಅರಸನ ಅಪ್ಪಣೆಪತ್ರವನ್ನು ಪಡೆದು ಬಂದ ವಿಲಿಯಂ ಕಿಡ್ಡನು ೧೬೯೭ರ ಸೆಪ್ಟೆಂಬರಿನಲ್ಲಿ ಕಾರವಾರಕ್ಕೆ ಬಂದನು. ಅಲ್ಲಿ ಅವನ ಆಳುಗಳಲ್ಲಿ ಹಲವರು ಅವನನ್ನು ಬಿಟ್ಟುಹೋದರು. ಇಂಗ್ಲಿಷರ ಕೋಠಿಯವರಿಗೆ ಅವನ ಮೇಲೆ ಸಂಶಯ ಹುಟ್ಟಿತು. ೧೬೯೮ರ ಜನವರಿಯಲ್ಲಿ ಅವನು ಮಲಬಾರಿನ ಕಡಲಿನಲ್ಲಿ, ಆರ್ಮೇನಿಯದ ವರ್ತಕರ ಸರಕನ್ನು ಹೊತ್ತ ‘ಕ್ವೆಡಾ ಮರ್ಚಂಟ್’ ಎಂಬ ಹಡಗನ್ನು ಹಿಡಿದನು. ಅದರಲ್ಲಿ ಫ್ರೆಂಚರ ರಹದಾರಿಯಿದ್ದುದರಿಂದ ತನ್ನ ಕೃತ್ಯವು ನ್ಯಾಯವೆಂಬುದು ಅವನ ವಾದ. ವಿಚಾರಣೆಯ ವೇಳೆಗೆ ಆ ಕಾಗದಗಳು ಸಿಕ್ಕಲಿಲ್ಲ. ೧೭೦೧ರ ಮೇ ೨೩ರಂದು ಲಂಡನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಾಣೆಯಾಗಿದ್ದ ರಹದಾರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನಿನ ಸರಕಾರಿ ದಫ್ತರದಲ್ಲಿಯೇ ದೊರೆತುವು. ಸುಲಿಗೆಗೆ ರಾಜರು ಅಪ್ಪಣೆಪತ್ರ ಕೊಡುವ ಪದ್ಧತಿಯನ್ನು ೧೮೫೬ರ ಪ್ಯಾರಿಸ್ ಘೋಷಣೆಯಲ್ಲಿ ರಾಜ್ಯಗಳು ತ್ಯಜಿಸಿದುವು.

ಪ್ರಸಂಗವಶದಿಂದ ಒಂದು ಎಚ್ಚರಿಕೆ. ಜೆಪ್ಪುವಿನ ನೆರೆಯಲ್ಲಿ ಮೋರ್ಗನ್ಸ್ ಗೇಟ್ ಎಂಬ ಸ್ಥಳವಿರುವುದು. ಕೆರಿಬಿಯನ್ ಕಡಲಿನ ಸುಪ್ರಸಿದ್ಧ ಕೊಳ್ಳೆಗಾರನ ಹೆಸರು ಹೆನ್ರಿ ಮೋರ್ಗನ್. ಆಟದ ರುಚಿ ಹತ್ತಿದವರು ಈ ಎರಡನ್ನು ಬೆಸೆಯಲು ಆಶಿಸಬಹುದು. ಆದರೆ ಆ ಮೋರ್ಗನ್ ೧೬೮೮ರಲ್ಲಿ ಜಮೈಕದಲ್ಲಿ ಸತ್ತವನು. ಅವನ ಕಾರ್ಯಕ್ಷೇತ್ರವು ಕೆರಿಬಿಯನ್ ಕಡಲು, ಹಿಂದೂ ಮಹಾಸಾಗರವಲ್ಲ. ಹೆಸರಿನ ಸಾಮ್ಯವೊಂದರಿಂದಲೇ ಸಂಬಂಧವನ್ನು ಕಲ್ಪಿಸುವುದು ಸ್ಥಳನಾಮಗಳ ವಿಚಾರದಲ್ಲಿ ಹಳೆಯ ದೋಷ.

೭

ಮೇಲ್ಕಂಡ ಸಂಗತಿಗಳಿಂದ ಆಟದ ಗುಣವೂ ದೋಷವೂ ಸ್ಪಷ್ಟವಾಗುತ್ತವೆ. ಕಡಲುಗಳ್ಳತನವೆಂಬುದು ಒಬ್ಬನ ಹುಟ್ಟುಗುಣವಲ್ಲ, ಯಾರ ಕಾಗದವನ್ನು ಹಿಡಿದಿರುವನು, ಯಾವ ಬಂದರಿನಲ್ಲಿ ನಿಂತಿರುವನು ಎಂಬುದರ ಮೇಲೆ ನಿಂತಿರುವ ಹೆಸರು ಎಂಬ ತತ್ತ್ವವನ್ನು ಆಟವು ಚೆನ್ನಾಗಿ ಗ್ರಹಿಸಿದೆ. ಲೂಲಾ, ತಿಮ್ಮೋಜ, ಕುಟ್ಟಿ ಪೋಕರ್, ಕಿಡ್ಡ್ ಇವರೆಲ್ಲರ ಚರಿತ್ರೆಯೂ ಅದನ್ನು ಪುಷ್ಟೀಕರಿಸುತ್ತದೆ. ಕಡಲುಗಳ್ಳನೆಂದರೆ ಒಕ್ಕಣ್ಣ, ಕುಂಟ, ಕ್ರೂರಿ ಎಂದು ಚಿತ್ರಿಸುವ ಕಥೆಗಳಿಗಿಂತ ಈ ವಿಷಯದಲ್ಲಿ ಆಟವೇ ಇತಿಹಾಸಕ್ಕೆ ಹತ್ತಿರ. ಗೊತ್ತಾದ ಕೊನೆಯಿಲ್ಲದಿರುವುದೂ ಬರಿಯ ಚಮತ್ಕಾರವಲ್ಲ. ತಿಮ್ಮೋಜನು ೧೪೯೮ರಲ್ಲಿ ಅಂಜದೀವದ ಕಡೆಗೆ ಹೊರಟಾಗ ೧೫೧೦ರ ಗೋವೆಯನ್ನು ಕಂಡಿರಲಿಲ್ಲ. ಇತಿಹಾಸದ ಪುಸ್ತಕವನ್ನು ಕೊನೆಯಿಂದ ಓದಬಲ್ಲವರಿಗೆ ಮರೆತುಹೋಗುವ ಈ ಅನಿಶ್ಚಯವನ್ನು ಆಟವು ಅನುಭವಕ್ಕೆ ತರುತ್ತದೆ. ಅದರಿಂದ ದೊರೆಯುವ ಆನಂದವು ತಿರಸ್ಕಾರಯೋಗ್ಯವಲ್ಲ.

ದೋಷವಿರುವುದು ಬೇರೆಡೆಯಲ್ಲಿ. ಸುಲಿಯುವವನಿಗೆ ಕೊನೆಯಿಲ್ಲದ ದಾರಿಗಳನ್ನು ತೆರೆದಿರುವ ಆಟವು ಸುಲಿಸಿಕೊಂಡವನಿಗೆ ಒಂದನ್ನೂ ತೆರೆದಿಲ್ಲ. ವರ್ತಕನ ಹಡಗು ತೆರೆಯ ಮೇಲೆ ಕಾಣಿಸಿಕೊಳ್ಳುತ್ತದೆ, ಸೋಲುತ್ತದೆ, ಮರೆಯಾಗುತ್ತದೆ. ಅದರ ಸರಕು ಅಂಕಿಯಾಗಿ ನಾಯಕನ ಲೆಕ್ಕದಲ್ಲಿ ಸೇರುತ್ತದೆ. ಇತಿಹಾಸದಲ್ಲಿ ಆ ಸರಕು ಅಂಕಿಯಾಗಿರಲಿಲ್ಲ. ಮಂಗಳೂರು, ಬಸರೂರು, ಹೊನ್ನಾವರಗಳಿಂದ ಗೋವೆಗೆ ಹೋಗುತ್ತಿದ್ದುದು ಮುಖ್ಯವಾಗಿ ಅಕ್ಕಿ. ಅಕ್ಕಿಯ ನಾವೆಗಳು ಗುಂಪುಗೂಡಿ, ಯುದ್ಧನೌಕೆಗಳ ಕಾವಲಿನಲ್ಲಿ ಸಾಗಬೇಕಾಗಿದ್ದಿತು. ೧೬೨೩ರಲ್ಲಿ ಈ ತೀರಕ್ಕೆ ಬಂದು ಉಳ್ಳಾಲದ ರಾಣಿಯನ್ನು ಕಂಡ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆಯ ಪತ್ರಗಳಲ್ಲಿಯೂ ಇಂತಹ ಕಾವಲು ಪಡೆಗಳ ಮತ್ತು ಮಲಬಾರಿನ ಕಡಲುಗ‌ಳ್ಳರ ಪ್ರಸ್ತಾಪವಿದೆ. ಒಂದು ನಾವೆ ಹೋದರೆ ಒಬ್ಬ ಸಾಹುಕಾರನ ಗಂಟು ಮಾತ್ರ ಹೋಗುತ್ತಿರಲಿಲ್ಲ. ಗದ್ದೆಯವನ ಬೆಳೆ, ಹುಟ್ಟು ಹಾಕುವವನ ಕೂಲಿ, ದೂರದ ಪಟ್ಟಣದ ಊಟ ಇವೆಲ್ಲವೂ ಅದರೊಡನೆ ಹೋಗುತ್ತಿದ್ದುವು. ಎರಡನೆಯ ಶತಮಾನದ ಪ್ರಹಸನದಲ್ಲಿ ‘ಮುಟ್ಟಬೇಡ’ ಎನ್ನುವ ಖಾರಿಟಿಯೋನಳಾದರೂ ಇದ್ದಳು. ಈ ಆಟದ ಹಡಗಿನಲ್ಲಿ ಅಂತಹವರಾರೂ ಇಲ್ಲ. ಅಲ್ಲಿನ ಆಳುಗಳ ದೂರೆಲ್ಲ ಪಾಲು ತಡವಾಯಿತೆಂಬುದೇ.

ಕರಾವಳಿಯ ಜನರ ಸ್ಮೃತಿಯು ಇದಕ್ಕೆ ವಿಪರೀತವಾದ ದಾರಿಯನ್ನು ಹಿಡಿದಿರುವುದು ಗಮನಿಸತಕ್ಕ ಸಂಗತಿ. ತುಳುನಾಡಿನ ಮೊಗವೀರರು ಕಡಲಿನ ದೈವವಾಗಿ ಆರಾಧಿಸುವ ಬೊಬ್ಬರ್ಯನ ಪಾಡ್ದನಗಳಲ್ಲಿ ಪಾಠಭೇದಗಳಿದ್ದರೂ, ಮುಸಲ್ಮಾನ ತಂದೆಗೆ ಹುಟ್ಟಿ, ಹಡಗು ಕಟ್ಟಿ ವ್ಯಾಪಾರ ನಡೆಸಿ, ಕಡಲಿನ ಕಾಳಗದಲ್ಲಿ ಮಡಿದವನು ದೈವವಾದನೆಂಬುದು ಅವುಗಳ ಸಾರ. ಬಲೆ ಹಾಕಲು ಹೊರಡುವವರು ಕೈಮುಗಿಯುವುದು ಕಡಲುಗಳ್ಳನಿಗಲ್ಲ, ಕಡಲಿನಲ್ಲಿ ಪ್ರಾಣ ನೀಗಿದ ವ್ಯಾಪಾರಿಗೆ. ಬಖೈರುಕಾರರು ನಾಯಕರ ಹೆಸರುಗಳನ್ನು ಬರೆದಿಟ್ಟರು. ಪಾಡ್ದನ ಹಾಡುವವರು ಹಿಂದಿರುಗದವನ ಹೆಸರನ್ನು ಉಳಿಸಿದರು.

ಈ ಭೇದವು ಹಳೆಯ ಕಾಲದ ಮಾತಾಗಿ ಮುಗಿದಿಲ್ಲ. ಸೊಮಾಲಿಯದ ತೀರದಲ್ಲಿ ಕಡಲುಗಳ್ಳತನವು ಹೆಚ್ಚಿದಾಗ ೨೦೦೮ರ ಅಕ್ಟೋಬರಿನಿಂದ ಭಾರತದ ನೌಕಾಪಡೆಯು ಏಡನ್ ಕೊಲ್ಲಿಯಲ್ಲಿ ಕಾವಲಿಗೆ ತೊಡಗಿತು. ಒತ್ತೆಯಾಳುಗಳಾದ ನಾವಿಕರಿಗಾಗಿ ಮನೆಯವರು ತಿಂಗಳುಗಟ್ಟಲೆ ಕಾದ ಸಂಗತಿಗಳು ಆ ವರ್ಷಗಳಲ್ಲಿ ವಿರಳವಾಗಿರಲಿಲ್ಲ. ಭಾರತದ ಸಂಸತ್ತು ೨೦೨೨ರಲ್ಲಿ ಕಡಲುಗಳ್ಳತನದ ನಿಗ್ರಹಕ್ಕಾಗಿಯೇ ಪ್ರತ್ಯೇಕ ಶಾಸನವನ್ನು ಅಂಗೀಕರಿಸಿತು. ನಾವಿಕನ ಮನೆಯಲ್ಲಿ ಕಾಯುತ್ತಿರುವವರಿಗೆ ಕೊನೆ ಗೊತ್ತಿಲ್ಲದ ಸಾಹಸವೆಂಬ ಮಾತಿನ ಅರ್ಥವೇ ಬೇರೆ.

ಆದುದರಿಂದ ತರುಣರನ್ನು ಈ ಆಟದಿಂದ ದೂರವಿಡಬೇಕೆಂಬುದು ಇಲ್ಲಿಯ ನಿರ್ಣಯವಲ್ಲ. ಆಟವು ಒಂದು ಪಕ್ಷದ ಸಾಕ್ಷ್ಯ. ಪೋರ್ಚುಗೀಸರ ಬಖೈರೂ ಒಂದು ಪಕ್ಷದ ಸಾಕ್ಷ್ಯವೇ. ಎರಡನ್ನೂ ಓದಬೇಕಾದ ಕ್ರಮವು ಒಂದೇ: ಹಿಡಿದವನ ಮಾತನ್ನು ಕೇಳಿದ ಮೇಲೆ ಹಿಡಿಯಲ್ಪಟ್ಟವನನ್ನೂ ವಿಚಾರಿಸುವುದು. ಗಣಕಯಂತ್ರದ ತೆರೆಯಲ್ಲಿ ಹಡಗೊಂದು ಸೋತು ಮರೆಯಾದಾಗ, ಅದು ಯಾವ ಬಂದರಿನಿಂದ ಹೊರಟಿದ್ದಿತು, ಅದರಲ್ಲಿ ಯಾರ ಅಕ್ಕಿಯಿದ್ದಿತು, ಅದನ್ನು ಎದುರು ನೋಡುತ್ತಿದ್ದವರು ಯಾರು ಎಂದು ಜೆಪ್ಪುವಿನ ಹುಡುಗನು ಒಮ್ಮೆ ಕೇಳಿಕೊಂಡರೆ, ಆಟದ ರುಚಿಯು ಅದರಿಂದ ಕೆಡುವುದಿಲ್ಲ. ಉತ್ತರವನ್ನು ಹುಡುಕಲು ಅವನು ಕೆರಿಬಿಯನ್ ಕಡಲಿನವರೆಗೆ ಹೋಗಬೇಕಾಗಿಯೂ ಇಲ್ಲ. ಇಬ್ನ್ ಬತೂತನು ಕಂಡ ಅಳಿವೆಯು ಅವನ ಮನೆಯ ಪಶ್ಚಿಮಕ್ಕೆ ಅನತಿದೂರದಲ್ಲಿಯೇ ಇರುವುದು.